ಕೊಳವೆಯೊಳಗೆ ಟವೆಲ್ ಒಗೆಯುವುದು ಹೇಗೆ

ಬಸ್ಸಿನ ಕಿಟಕಿಯೊಳಗೆ ಟವೆಲ್ ಒಗೆದು, ಅಂದರೆ ಎಸೆದು, ಸೀಟು ಹಿಡಿಯುವ ವಿದ್ಯೆ ನನಗೆ ಓದುವ ವಯಸ್ಸಿನಲ್ಲಿ ಒಲಿಯಲಿಲ್ಲ. ನಿವೃತ್ತನಾದ ಮೇಲೆ ಕಲಿಯಬೇಕಾಯಿತು. ಸೇವೆಯುದ್ದಕ್ಕೂ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ನಾನು. ಎಸೆದ ವಸ್ತು ಯಾವ ದಾರಿಯಲ್ಲಿ ಸಾಗಿ ಎಲ್ಲಿ ಬೀಳುತ್ತದೆ ಎಂದು ಹಲಗೆಯ ಮೇಲೆ ಕಮಾನು ಬರೆದು ತೋರಿಸಿದವನು. ಅಂಥವನು ಮೊದಲ ಸಲ ಒಗೆದ ಟವೆಲ್ ಸೀಟು ಬಿಟ್ಟು, ಪಕ್ಕದಲ್ಲಿ ಕೂತಿದ್ದ ಮುದುಕಿಯೊಬ್ಬಳ ಬುಟ್ಟಿಯ ಬದನೆಕಾಯಿಯ ಮೇಲೆ ಬಿತ್ತು. "ಬದನಿಕಾಯಿ ಕಾಯ್ದಿರಿಸಿದ್ರೇನ್ರೀ ಮಾಸ್ತರ್ರ?" ಎಂದಳು ಆಕೆ. ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆನೆಂದು ನೆನಪು.

ಈ ಪದ್ಧತಿ ಗೊತ್ತಿಲ್ಲದವರಿಗಾಗಿ ಒಂದು ಮಾತು. ಬಸ್ಸು ನಿಲ್ದಾಣಕ್ಕೆ ಬಂದು ಇನ್ನೂ ಪೂರ್ತಿ ನಿಂತಿರುವುದಿಲ್ಲ, ಬಾಗಿಲಲ್ಲಿ ಇಳಿಯುವವರು ಹತ್ತುವವರು ಒಬ್ಬರನ್ನೊಬ್ಬರು ದಬ್ಬುತ್ತಿರುತ್ತಾರೆ. ಅಷ್ಟರಲ್ಲಿ ಹೊರಗಿನಿಂದ ಕಿಟಕಿಯೊಳಗೆ ಒಂದು ಟವೆಲ್ಲೋ ಚೀಲವೋ ಟೊಪ್ಪಿಗೆಯೋ ಬಿದ್ದರೆ ಆ ಸೀಟು ಒಗೆದವನದು. ಇದಕ್ಕೆ ಕಾಯಿದೆ ಇಲ್ಲ, ದಂಡವೂ ಇಲ್ಲ. ಬದುವಿನ ಒಂದು ಗೇಣು ಮಣ್ಣಿಗಾಗಿ ಕೋರ್ಟು ಹತ್ತುವ ನಮ್ಮ ಮಂದಿ, ಒಂದು ಹರಕು ಟವೆಲ್ಲಿನ ಮುಂದೆ ಮರುಮಾತಿಲ್ಲದೆ ನಿಂತುಕೊಳ್ಳುತ್ತಾರೆ. ಯಾಕೆಂದು ಬಹಳ ಯೋಚಿಸಿದ್ದೇನೆ, ತಿಳಿದಿಲ್ಲ.

ನಾನು ಈ ವಿದ್ಯೆಗೆ ಇಳಿದದ್ದು ಅಕ್ಕನಿಗಾಗಿ. ಗಲಗಲಿಯಲ್ಲಿ ಅಕ್ಕನ ಮನೆಗೂ ನನ್ನ ಮನೆಗೂ ನಡುವೆ ಎರಡು ಓಣಿ. ಅವಳ ಮೂತ್ರಪಿಂಡಗಳು ಕೆಲಸ ನಿಲ್ಲಿಸಿವೆ. ದಿನ ಬಿಟ್ಟು ದಿನ ಮುಧೋಳಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಮಗ ಹೊಲ ನೋಡಬೇಕು, ಸೊಸೆ ಅಂಗನವಾಡಿಗೆ ಹೋಗಬೇಕು. ಖಾಲಿ ಕೂತ ನಾನು ಹೆಗಲ ಮೇಲೆ ನೀಲಿ ಅಂಚಿನ ಟವೆಲ್ ಹಾಕಿಕೊಂಡು ಅಕ್ಕನ ಜೊತೆ ಹೊರಡುತ್ತೇನೆ.

ನಕಾಶೆಯಲ್ಲಿ ನೋಡಿದರೆ ದೂರವೇನಿಲ್ಲ. ಆದರೆ ಕಬ್ಬಿನ ಹಂಗಾಮಿನಲ್ಲಿ ಆ ಹಾದಿಗೆ ನಕಾಶೆ ಅನ್ವಯಿಸುವುದಿಲ್ಲ. ಒಂದು ಟ್ರ್ಯಾಕ್ಟರಿನ ಹಿಂದೆ ಎರಡು ಟ್ರೇಲರು, ಅವುಗಳ ತುಂಬ ಕಬ್ಬು, ಎಂಜಿನ್ನಿನ ಮೇಲೆ ಊರಿಗೆಲ್ಲ ಕೇಳುವ ಹಾಡು. ಅದರ ಹಿಂದೆ ನಮ್ಮ ಬಸ್ಸು ತೆವಳುತ್ತದೆ. ಹೋಗುವಾಗ ಅಕ್ಕ ಹೇಗೋ ತಡೆದುಕೊಳ್ಳುತ್ತಾಳೆ. ಬರುವಾಗ ಅವಳ ಮೈಯಲ್ಲಿ ತ್ರಾಣವೇ ಇರುವುದಿಲ್ಲ. ಪ್ರತಿ ತಗ್ಗಿಗೂ ನನ್ನ ಕೈ ಗಟ್ಟಿಯಾಗಿ ಹಿಡಿಯುತ್ತಾಳೆ. ಒಮ್ಮೆ ಹಾಗೆ ಹಿಡಿದುಕೊಂಡೇ ಅಂದಳು: "ಹೋಗೂದು ಬರೂದರಾಗ ಅರ್ಧಾ ಜೀವ ಹೋಗಾಕತ್ತೇತಿ ತಮ್ಮಾ. ಇನ್ನ ಸಾಕ ಮಾಡೂನು."

ಸಾಕು ಮಾಡಿದರೆ ಏನಾಗುತ್ತದೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ನನಗೆ ಭಯವಾಗಿತ್ತು. ಕಿಟಕಿಯ ಹೊರಗೆ ಕಬ್ಬು ನೋಡುತ್ತ ಕೂತೆ. ಆಮೇಲೆ ಆ ಮಾತನ್ನು ಅವಳು ಮತ್ತೆ ಮತ್ತೆ ಆಡತೊಡಗಿದಳು.

ಇದೇ ದಿನಗಳಲ್ಲಿ ಮಹಾದೇವಪ್ಪ ತನ್ನ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದ. ಅವನು ರಬಕವಿಯ ಸೀರೆ ವ್ಯಾಪಾರಿ, ನನ್ನ ಜೊತೆ ಸಾಲೆ ಕಲಿತ ಗೆಳೆಯ, ವಾರಕ್ಕೊಮ್ಮೆ ಗಂಟು ಕಟ್ಟಿಕೊಂಡು ನಮ್ಮೂರಿಗೆ ಬರುತ್ತಾನೆ. ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತು ನೋಡಿದೆವು. ಗಾಳಿಯನ್ನೆಲ್ಲ ಹೀರಿ ತೆಗೆದ ಉದ್ದನೆಯ ಕೊಳವೆ, ಅದರೊಳಗೆ ನೆಲಕ್ಕೆ ತಾಗದೆ ತೇಲುತ್ತ ವಿಮಾನದ ವೇಗದಲ್ಲಿ ಓಡುವ ಡಬ್ಬಿ.

"ನೋಡಲೇ ಮಾಸ್ತರ," ಎಂದ ಮಹಾದೇವಪ್ಪ. "ಜಮಖಂಡಿ, ಮುಧೋಳ, ಬೀಳಗಿ, ನಮ್ಮ ರಬಕವಿ-ಬನಹಟ್ಟಿ, ನಾಕೂ ಊರಿಗೆ ಇಂಥಾದ್ದೊಂದು ಹಾಕಿದ್ರ? ಚಹಾ ಆರೂದರಾಗ ಮುಟ್ಟತೀವಿ."

ನನ್ನೊಳಗಿನ ಮಾಸ್ತರ ಎದ್ದು ಕೂತ. ಓಟಕ್ಕೆ ನಮ್ಮ ಸೀಮೆಯಲ್ಲಿ ಹೆಸರು ಮಾಡಿದ್ದು ಮುಧೋಳದ ನಾಯಿಯೊಂದೇ. ಅದಕ್ಕೂ ಕಾಲು ಚಾಚಲು ಬಯಲು ಬೇಕು, ಓಣಿಯಲ್ಲಿ ಬಿಟ್ಟರೆ ಅದೂ ಬೀದಿನಾಯಿಯಷ್ಟೇ ಓಡುತ್ತದೆ. ಡಬ್ಬಿಯ ಪಾಡೂ ಅದೇ. ಕೂತವರ ಹೊಟ್ಟೆ ತೊಳಸದಂತೆ ವೇಗ ಏರಿಸಲು ಉದ್ದನೆಯ ಹಾದಿ ಬೇಕು, ಇಳಿಸಲೂ ಅಷ್ಟೇ ಬೇಕು. ಜಮಖಂಡಿಯಲ್ಲಿ ಹೊರಟ ಡಬ್ಬಿ ಪೂರ್ತಿ ಜೋರು ಹಿಡಿಯುವ ಮೊದಲೇ ಮುಧೋಳ ಬಂತೆಂದು ಬ್ರೇಕು ಹಾಕಬೇಕಾದೀತು. ಇನ್ನು ನಮ್ಮ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕಾಲು ಹೋಗುವಷ್ಟು ಬಿರಿಯುತ್ತದೆ. ಮನೆಯ ಗೋಡೆಯನ್ನೇ ನೆಟ್ಟಗಿರಗೊಡದ ಆ ನೆಲದ ಮೇಲೆ ಕೂದಲೆಳೆಯಷ್ಟೂ ಸೊಟ್ಟಗಾಗಬಾರದ ಕೊಳವೆ ನಿಲ್ಲಿಸಬೇಕು. ಕೃಷ್ಣೆ ತುಂಬಿ ಬಂದಾಗಿನ ಮಾತು ಬೇರೆಯೇ. ಇಷ್ಟೆಲ್ಲ ಮಾಡಿದ ಮೇಲೆ, ನಡುಹಾದಿಯ ಹುನ್ನೂರಿನವರು ತಮಗೊಂದು ಸ್ಟಾಪು ಕೇಳುತ್ತಾರೆ, ಚಿಮ್ಮಡದವರು ಬಿಡುತ್ತಾರೆಯೇ?

ಎಲ್ಲ ಕೇಳಿ ಮಹಾದೇವಪ್ಪ ನಿಧಾನವಾಗಿ ಚಹಾ ಮುಗಿಸಿದ. "ರಬಕವಿ ಎಲ್ಲಿ ಮುಗೀತೈತಿ, ಬನಹಟ್ಟಿ ಎಲ್ಲಿ ಚಾಲೂ ಆಗ್ತೈತಿ, ಹೊರಗಿನವ್ರಿಗೆ ತಿಳಿತೈತೇನ? ಕೂಡತಾವಂತ ಹಿಂದ ಯಾರರೆ ಅಂದಿದ್ರೇನ? ಎರಡೂರು ಕೂಡೇ ಬಿಟ್ಟಾವು. ಈಗ ಆಗಂಗಿಲ್ಲ ಅನ್ನು, ಒಪ್ತೀನಿ. ಆಗೂದ ಇಲ್ಲ ಅನಬ್ಯಾಡ."

ಖರೆ ಹೇಳಬೇಕೆಂದರೆ, ಲೆಕ್ಕ ತಪ್ಪಾಗಿರಲಿ ಎಂದೇ ನನ್ನ ಮನಸ್ಸು ಬೇಡಿಕೊಳ್ಳುತ್ತಿತ್ತು. ಆ ಡಬ್ಬಿಯಲ್ಲಿ ಅಕ್ಕ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮನೆ ಮುಟ್ಟುವುದನ್ನು ಕಲ್ಪಿಸಿಕೊಂಡೆ.

ಮರುದಿನ ಬಸ್ಸಿನಲ್ಲಿ ಅಕ್ಕನಿಗೆ ಇದನ್ನೆಲ್ಲ ಹೇಳಿದೆ. ಆಗುವ ಕೆಲಸವಲ್ಲವೆಂದು ಗೊತ್ತಿದ್ದುದರಿಂದ ಸಮಾಧಾನಕ್ಕೆ ಒಂದಿಷ್ಟು ತತ್ತ್ವವನ್ನೂ ಸೇರಿಸಿದೆ. "ಅಷ್ಟ ಜೋರ ಹೋದ್ರ ಏನ್ ಛಂದ ಅಕ್ಕಾ? ಹೊಲಾ ಕಾಣಂಗಿಲ್ಲ, ಹೊಳಿ ಕಾಣಂಗಿಲ್ಲ. ನಾವಿಬ್ರೂ ಹಿಂಗ ಮಾತಾಡಾಕ ವ್ಯಾಳ್ಯಾನ ಸಿಗಂಗಿಲ್ಲ."

ಅಕ್ಕ ನನ್ನ ಮುಖ ನೋಡಿದಳು. "ಹೊಳಿ ಹುಟ್ಟಿದಾಗಿಂದ ನೋಡೇನಿ. ನಿನ್ನ ಮೈಯಾಗ ಕಸುವೈತಿ, ಅದಕ್ಕ ನಿನಗ ಹಾದಿ ಛಲೋ ಅನಸ್ತೈತಿ. ನನಗ ಲಗೂನ ಮನಿ ಮುಟ್ಟಿದ್ರ ಸಾಕಾಗೇತಿ. ಅಂಥಾದ್ದು ಬರ್ಲಿ, ನನಗಲ್ಲದಿದ್ರ ನನ್ನಂಥಾ ಇನ್ನೊಬ್ಬಾಕಿಗರೆ ಬರ್ಲಿ."

ನಿಧಾನವಾಗಿ ಸಾಗುವುದರ ಸೊಗಸಿನ ಬಗ್ಗೆ ಬರೆಯಬೇಕೆಂದು ಮನಸ್ಸಿನಲ್ಲೇ ಕೂಡಿಸಿಟ್ಟಿದ್ದ ಒಳ್ಳೊಳ್ಳೆಯ ಸಾಲುಗಳನ್ನೆಲ್ಲ ಅವತ್ತು ಬಿಟ್ಟುಕೊಟ್ಟೆ.

ಅದಾದ ಮೇಲೆ ಒಂದು ಮುಂಜಾನೆ ಎಂದಿನಂತೆ ಮುಧೋಳದ ಬಸ್ಸು ಬಂತು. ಗದ್ದಲ ಬಹಳವಿತ್ತು. ಟವೆಲ್ ಒಗೆದೆ, ಕಂಡಕ್ಟರನ ಹಿಂದಿನ ಸೀಟಿನ ಮೇಲೆ ಇಟ್ಟ ಹಾಗೆ ಬಿತ್ತು. ಹೆಮ್ಮೆಯಿಂದ ತಿರುಗಿ ನೋಡಿದರೆ ಅಕ್ಕ ಕಲ್ಲುಬೆಂಚಿನಿಂದ ಎದ್ದಿರಲೇ ಇಲ್ಲ.

"ನಾ ಬರಂಗಿಲ್ಲ," ಎಂದಳು. "ಇವತ್ತೂ ಬರಂಗಿಲ್ಲ, ನಾಳಿನೂ ಬರಂಗಿಲ್ಲ. ಮನಿಗಿ ನಡಿ."

ದನಿ ಏರಿಸಲಿಲ್ಲ, ಅಳಲಿಲ್ಲ. ನಾನು ಬೇಡಿಕೊಂಡೆ, ಗದರಿಸಿದೆ, ಕೊನೆಗೆ ಪಕ್ಕದಲ್ಲಿ ಸುಮ್ಮನೆ ಕೂತುಬಿಟ್ಟೆ. ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟುಹೋಯಿತು. ಟವೆಲ್ ಅದರೊಳಗೇ ಉಳಿಯಿತು. ಅಕ್ಕನನ್ನು ಮನೆಗೆ ಕರೆತಂದು ಮಲಗಿಸಿದೆವು. ಸೊಸೆ ಆಸ್ಪತ್ರೆಗೆ ಫೋನು ಮಾಡಿದಳು. ನಾಳೆ ತಪ್ಪದೆ ಕರೆತನ್ನಿ, ಅದಕ್ಕಿಂತ ತಡಮಾಡಬೇಡಿ ಎಂದರು. ಅಕ್ಕ ಗೋಡೆಯ ಕಡೆಗೆ ಮುಖ ಮಾಡಿಕೊಂಡಳು.

ಸಂಜೆ ಸುಮ್ಮನೆ ಬಸ್ ಸ್ಟ್ಯಾಂಡಿನ ಕಡೆಗೆ ನಡೆದೆ. ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ಮುಧೋಳದಿಂದ ಮರಳಿದ ಬಸ್ಸು ನಿಂತಿತು. ಕಂಡಕ್ಟರ್ ನನ್ನನ್ನು ಕಂಡು ಇಳಿದು ಬಂದ. ಕೈಯಲ್ಲಿ ಮಡಿಚಿದ ನೀಲಿ ಅಂಚಿನ ಟವೆಲ್.

"ಅಕ್ಕಾರಿಗೆ ಹೆಂಗೈತ್ರೀ ಸರ?" ಎಂದ. "ಟವಾಲ ಒಗದ್ರಿ, ಹತ್ತಲೇ ಇಲ್ಲ. ಮುಂಜಾನಿ ಬಸ್ ತುಂಬಿ ತುಳಕಾಕತ್ತಿತ್ತು. ಯಾರೋ ಹೊಸಬ್ರು ಆ ಸೀಟಿಗೆ ಕುಂಡ್ರಾಕ ಬಂದ್ರ ದಿನಾ ಹೋಗು ಮಂದಿ ಬಿಡಲಿಲ್ರೀ. ದವಾಖಾನಿ ಅಕ್ಕಾರ ಟವಾಲ ಐತಿ, ಮುಂದಿನ ಸ್ಟಾಪಿಗೆ ಯಾರದರೆ ಗಾಡಿ ಮ್ಯಾಲ ಬಂದ ಹತ್ತತಾರ ಅಂದ್ರು. ಮುಧೋಳ ಮುಟ್ಟೂತನಾ ಹಂಗ ಖಾಲಿ ಬಂತು ನೋಡ್ರಿ. ಬದನಿಕಾಯಿ ಮಾರು ಅಜ್ಜಿ ಸೈತ ಬುಟ್ಟಿ ಹಿಡಕೊಂಡು ನಿಂತಿದ್ಲು."

ಆ ಟವೆಲ್ ಹಿಡಿದುಕೊಂಡು ನೇರ ಅಕ್ಕನ ಮನೆಗೆ ಬಂದೆ. ಅಕ್ಕನ ಹಾಸಿಗೆಯ ಪಕ್ಕ ಕೂತು, ಕಂಡಕ್ಟರ್ ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದೆ. ನನ್ನದೊಂದು ಮಾತನ್ನೂ ಸೇರಿಸಲಿಲ್ಲ.

ಅವಳು ಗೋಡೆ ಬಿಟ್ಟು ಈ ಕಡೆಗೆ ಹೊರಳಿದಳು.

"ಅಷ್ಟ ಮುದಕಿ ನಿಂತ ಹೋದ್ಲಾ?"

"ಹೂಂ."

"ಖಾಲಿ ಸೀಟಿಗೆ?"

"ಹೂಂ ಅಕ್ಕಾ."

ಟವೆಲನ್ನು ನನ್ನ ಕೈಯಿಂದ ತೆಗೆದುಕೊಂಡು ಎದೆಯ ಮೇಲೆ ಇಟ್ಟುಕೊಂಡಳು, ಅಂಚನ್ನು ಬೆರಳಿನಿಂದ ನೇವರಿಸಿದಳು. ಕೊಳವೆಯ ಡಬ್ಬಿ ನಮ್ಮ ಸೀಮೆಗೆ ಬರಲಿ, ಅಕ್ಕನ ಆಸೆಯಂತೆ ಬೇಗ ಬರಲಿ. ಆದರೆ ಗಾಳಿಯೂ ನುಸುಳದ ಆ ಡಬ್ಬಿಗೆ ಒಂದು ಕಿಟಕಿ ಇಡಿಸುವುದು ಹೇಗೆಂದು ನಾನು ಯೋಚಿಸುತ್ತ ಕೂತಿದ್ದೆ. ಅಷ್ಟರಲ್ಲಿ ಅಕ್ಕ ಟವೆಲನ್ನು ನನಗೇ ತಿರುಗಿ ಕೊಟ್ಟಳು.

"ನಾಳಿ ಲಗೂನ ಹೋಗಿ ಒಗಿ," ಎಂದಳು. "ಮಂದೀನ ಮತ್ತ ನಿಂದರಸೂದು ಬ್ಯಾಡ."