ಕಿವಿಯ ಮೇಲಿನ ಪೆನ್ಸಿಲ್

ಕಳಸದಲ್ಲಿದ್ದ ಆ ಗ್ರಂಥಪಾಲಕರ ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್ ಇರುತ್ತಿತ್ತು. ಏನೇ ಕೇಳಿದರೂ “ನೋಡಿ ಹೇಳ್ತೇನೆ” ಎನ್ನುತ್ತಿದ್ದರು. ಅವರ ಊಟವಾಯಿತೇ ಎಂದು ಕೇಳಿದವರಿಗೂ ಅದೇ ಉತ್ತರ.

ನನ್ನ ಮೊದಲ ಪುಸ್ತಕದ ಹಸ್ತಪ್ರತಿಯನ್ನು ಅವರಿಗೆ ಓದಲು ಕೊಟ್ಟಿದ್ದೆ. ನಮ್ಮ ಕಾಡಿನ ಸೀಳುನಾಯಿಗೆ ಇಂಗ್ಲಿಷಿನಲ್ಲಿ ‘ಧೋಲ್’ ಎಂಬ ಅಪರೂಪದ ಹೆಸರಿದೆ. ಅದು ಕನ್ನಡದ ‘ತೋಳ’ದಿಂದಲೇ ಹುಟ್ಟಿದ್ದು ಎಂಬುದು ಆ ಹಸ್ತಪ್ರತಿಯಲ್ಲಿ ನಾನು ಅತ್ಯಂತ ಹೆಮ್ಮೆಪಟ್ಟಿದ್ದ ವಾಕ್ಯ. ಅವರು ನಾಲ್ವರು ಓದುಗರ ಎದುರಿಗೇ ಪೆನ್ಸಿಲ್ ತೆಗೆದು ಆ ವಾಕ್ಯದ ಮೇಲೆ ‘ಬಹುಶಃ’ ಎಂದು ಬರೆದರು.

“ಸುಳ್ಳು ಅಂತೀರಾ?” ಎಂದೆ.

“ಸುಳ್ಳಲ್ಲ ಮಾರಾಯ್ರೆ. ನಿಘಂಟು ಬರೆದವರಿಗೇ ಖಾತ್ರಿ ಇಲ್ಲ, ನಿಮಗೆ ಎಲ್ಲಿಂದ ಬಂತು?”

ನಾಲ್ವರೂ ಪತ್ರಿಕೆಗಳ ಮರೆಯಲ್ಲಿ ನಕ್ಕರು. ಮೊದಲು ನಕ್ಕವರು ಯಾರೆಂಬುದು ನನಗೆ ಇಂದಿಗೂ ನೆನಪಿದೆ. ಒಂದು ವರ್ಷ ನಾನು ಅತ್ತ ಸುಳಿಯಲಿಲ್ಲ. ಬೇರೆಡೆಯೆಲ್ಲ ಪುರಾವೆ ಹುಡುಕಿದೆ, ಸಿಗಲಿಲ್ಲ.

ಕೊನೆಗೆ ಅಚ್ಚಾದ ಪುಸ್ತಕವನ್ನು ಅವರ ಮೇಜಿನ ಮೇಲಿಟ್ಟೆ. ಅವರು ನೇರವಾಗಿ ಆ ಪುಟವನ್ನೇ ತೆರೆದರು. ಅಲ್ಲಿ ‘ಬಹುಶಃ’ ಅಚ್ಚಾಗಿತ್ತು. ಕಿವಿಯವರೆಗೆ ಹೋಗಿದ್ದ ಕೈ ಬರಿದಾಗಿಯೇ ಕೆಳಗಿಳಿಯಿತು.

“ಒಳ್ಳೇ ಪುಸ್ತಕ,” ಎಂದರು.

“ಬಹುಶಃ,” ಎಂದೆ.