ಕೇಳಿದ್ದಕ್ಕೆ ಮಾತ್ರ ಉತ್ತರ

ವೆಬ್ ಸರ್ವರ್ ಅಂದರೇನು ಎಂದು ಚಾಮರಾಜನಗರದ ಕಂಪ್ಯೂಟರ್ ಸೆಂಟರಿನ ಮೇಷ್ಟ್ರು ಮೂರು ದಿನ ಬಡಕೊಂಡರೂ ನಮ್ಮ ಬ್ಯಾಚಿನ ತಲೆಗೆ ಹೋಗಲಿಲ್ಲ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಇಂಟರ್‌ನೆಟ್ಟನ್ನು ನಮ್ಮಲ್ಲಿ ಯಾರೂ ಕಣ್ಣಾರೆ ಕಂಡಿರಲಿಲ್ಲ. ಇದ್ದ ನಾಲ್ಕು ಕಂಪ್ಯೂಟರುಗಳಲ್ಲಿ ಒಂದನ್ನು ಸರ್ವರ್ ಮಾಡಿ, ಉಳಿದ ಮೂರಕ್ಕೆ ತಂತಿ ಎಳೆದು ತೋರಿಸುತ್ತಿದ್ದರು. ನಾಲ್ಕನೆಯ ದಿನ ಬೋರ್ಡಿನ ಮೇಲೆ ಎರಡು ಚೌಕ ಬರೆದರು.

"ಮುಂದಿನದು ವೆಬ್ ಸರ್ವರ್. ಬಾಗಿಲಲ್ಲಿ ಕೂತಿರುತ್ತೆ, ಬಂದವರು ಕೇಳಿದ್ದನ್ನ ಕೇಳಿಸ್ಕೊಳ್ಳುತ್ತೆ. ಹಿಂದಿನದು ಅಪ್ಲಿಕೇಶನ್. ದಾಖಲೆಯಲ್ಲಿ ಹುಡುಕಿ, ಉತ್ತರ ತಯಾರು ಮಾಡಿ ಮುಂದಿನದರ ಕೈಗೆ ಕೊಡುತ್ತೆ. ಬಸ್ಸು ಎಷ್ಟು ಗಂಟೆಗೆ ಅಂತ ಕೇಳಿದ್ರೆ ಗಂಟೆ ಹೇಳುತ್ತೆ. ಆ ಬಸ್ಸು ದಾರೀಲಿ ಕೆಟ್ಟು ನಿಂತಿದೆ ಅಂತ ಒಳಗೆ ಬರೆದಿದ್ರೂ, ನೀವು ಕೇಳದೆ ಹೇಳಲ್ಲ."

ನನಗೆ ಅರ್ಥವಾಯಿತು. ಅಯ್ಯೋ, ಈ ಕೆಲಸವನ್ನು ಗುಂಡ್ಲುಪೇಟೆಯಲ್ಲಿ ಮೂರು ವರ್ಷ ನಾನೇ ಮಾಡಿದ್ದೆನಲ್ಲ!

ಪೋಲಿಯೊ ಆದ ಕಾಲಿನ ದೆಸೆಯಿಂದ ನನಗೊಂದು ಎಸ್‌ಟಿಡಿ ಬೂತ್ ಮಂಜೂರಾಗಿತ್ತು, ತರಕಾರಿ ಮಂಡಿಯ ಎದುರು, ಲಾರಿಗಳು ನಿಲ್ಲುವ ಕಡೆ. ಹಿಂದಿನ ಬೀದಿಯಲ್ಲಿ ಫೋನಿಲ್ಲದ ಮನೆಯವರೆಲ್ಲ ನೆಂಟರಿಗೆ ನನ್ನ ನಂಬರನ್ನೇ ಕೊಟ್ಟಿದ್ದರು, ಪಿಪಿ ನಂಬರ್ ಅಂತ. ಕರೆ ಬಂದರೆ ಬೇರೆ ಬೂತಿನವರು ಓಡಿಹೋಗಿ ಜನರನ್ನು ಕರೆತರುತ್ತಿದ್ದರು. ನನ್ನ ಕಾಲಿಗೆ ಅದಾಗದು. ಸುದ್ದಿಯನ್ನು ಪುಸ್ತಕದಲ್ಲಿ ಬರೆದಿಟ್ಟು, ಬಂದು ಕೇಳಿದವರಿಗೆ ಹೇಳುತ್ತಿದ್ದೆ. ಕೇಳದವರಿಗೆ ಹೇಳುತ್ತಿರಲಿಲ್ಲ. ಒಮ್ಮೆ ಸೊಸೆಗೆ ತವರಿನಿಂದ ಬಂದ ಮಾತನ್ನು ಅತ್ತೆಯ ಕಿವಿಗೆ ಹಾಕಿದ್ದಕ್ಕೆ ಆ ಮನೆಯ ರಂಪವೆಲ್ಲ ನನ್ನ ಬಾಗಿಲಿಗೆ ಬಂದಿತ್ತು.

"ಕೇಳುದ್ರೆ ಏಳು, ಇಲ್ದಿದ್ರೆ ಬಾಯ್ ಮುಚ್ಕೊಂಡಿರು. ಊರ ಉಸಾಬರಿ ನಿಂಗ್ಯಾಕಮ್ಮಿ?" ಎಂದು ಅಪ್ಪ ಬೈದಿದ್ದ. ನಾನು ಮೊದಲೇ ಮುಂಗೋಪಿ, ಹೆಚ್ಚು ಮಾತು ಬೇಕಿರಲಿಲ್ಲ. ಆ ನಿಯಮ ನನಗೆ ಚೆನ್ನಾಗಿ ಒಗ್ಗಿತು.

ಹಿಂದಿನ ಬೀದಿಯಲ್ಲಿ ಒಬ್ಬ ಲಾರಿ ಡ್ರೈವರನ ಹೆಂಡತಿ ಇದ್ದಳು. ಗಂಡ ಈರುಳ್ಳಿ ತುಂಬಿಕೊಂಡು ಕೇರಳಕ್ಕೆ ಹೋದಾಗಲೆಲ್ಲ ದಿನಕ್ಕೆ ನಾಲ್ಕು ಸಲ ಬಂದು ಅದೊಂದೇ ಪ್ರಶ್ನೆ ಕೇಳುತ್ತಿದ್ದಳು: "ಏನಮ್ಮಿ, ನಮ್ಮನೇವ್ರು ಫೋನ್ ಮಾಡಿದ್ರಾ?"

ಒಂದು ಬುಧವಾರ ಬೆಳಿಗ್ಗೆ ಕೋಳಿಕ್ಕೋಡಿನಿಂದ ಕರೆ ಬಂತು. ಲಾರಿ ಪಲ್ಟಿಯಾಗಿದೆ, ಡ್ರೈವರ್ ಆಸ್ಪತ್ರೆಯಲ್ಲಿದ್ದಾನೆ, ಹೆಂಡತಿಯನ್ನು ಕರೆಸಿ ಎಂದು ಗೋಗರೆಯುತ್ತಿದ್ದಾನೆ, ಬೇಗ ಕಳಿಸಿ ಎಂದು ಯಾರೋ ಮಲಯಾಳ ಬೆರೆತ ಕನ್ನಡದಲ್ಲಿ ಹೇಳಿದರು. ಬರೆದುಕೊಂಡೆ. ದಿನ, ಗಂಟೆ ಎರಡನ್ನೂ ಬರೆದೆ.

ಸ್ವಲ್ಪ ಹೊತ್ತಿಗೆ ಅವಳೇ ಬಂದಳು. ಬೂತಿನಲ್ಲಿ ಮೂರು ಜನ ಕಾಯುತ್ತಿದ್ದರು, ಮಂಡಿಯವನೊಬ್ಬ ಲೈನ್ ಸಿಗಲಿಲ್ಲವೆಂದು ನನ್ನ ಮೇಲೆ ಹಾರಾಡುತ್ತಿದ್ದ. ಅದರ ನಡುವೆ ತಲೆ ತೂರಿಸಿ ಮಾಮೂಲಿ ಪ್ರಶ್ನೆ ಕೇಳಿದಳು.

"ಇಲ್ಲ ಕಣಕ್ಕ," ಎಂದೆ.

ಸುಳ್ಳೇನಲ್ಲ. ಅವಳ ಗಂಡ ಫೋನ್ ಮಾಡಿರಲಿಲ್ಲ. ಇಷ್ಟು ಜನರೆದುರು ಅವಳ ಗೋಳು ನೋಡಲಾರೆ, ಹೇಗೂ ಮಧ್ಯಾಹ್ನ ಬರುತ್ತಾಳೆ, ಆಗ ಹೇಳೋಣ ಎಂದುಕೊಂಡೆ. ಅವತ್ತು ಅವಳು ಮತ್ತೆ ಬರಲಿಲ್ಲ. ಆ ಬೀದಿಗೆ ಹೋಗುವ ಯಾರ ಕೈಲಾದರೂ ಹೇಳಿಕಳಿಸಬಹುದಿತ್ತು. ಬರಲಿ, ಬಂದು ಕೇಳಲಿ ಎಂದು ಕೂತೆ. ಎಂಥಾ ದರಿದ್ರ ಬುದ್ಧಿ ನನ್ನದು!

ಗುರುವಾರ ಬೆಳಿಗ್ಗೆ ಬಂದಾಗ ಅವಳ ಪ್ರಶ್ನೆ ಬೇರೆಯಾಗಿತ್ತು. "ಕೇರಳದ ಕಡೆಯಿಂದ ಬ್ಯಾರೆ ಯಾರಾದ್ರೂ ಫೋನ್ ಮಾಡಿದ್ರೇನಮ್ಮಿ?"

"ಹೂಂ ಕಣಕ್ಕ." ಪುಸ್ತಕ ತೆರೆದು ಓದಿದೆ. ದಿನ, ಗಂಟೆ ಮಾತ್ರ ಓದಲಿಲ್ಲ. ಅವಳು ಉಟ್ಟ ಸೀರೆಯಲ್ಲೇ ತರಕಾರಿ ಲಾರಿ ಹತ್ತಿದಳು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಗಂಡನನ್ನು ಶವಾಗಾರಕ್ಕೆ ಸಾಗಿಸಿದ್ದರು. ಬುಧವಾರ ಸಂಜೆಯವರೆಗೂ ಮಾತಾಡುತ್ತಿದ್ದನಂತೆ.

ಕ್ಲಾಸಿನಲ್ಲಿ ಎದ್ದು ನಿಂತು ಕೇಳಿದೆ: "ಸಾರ್, ಉತ್ತರ ಒಳಗೇ ಇದೆ. ಬಂದವರಿಗೆ ಸರಿಯಾಗಿ ಕೇಳೋಕೆ ಬರದಿದ್ರೆ?"

"ಇಲ್ಲ ಅನ್ನುತ್ತೆ. ಅದರದ್ದೇನೂ ತಪ್ಪಿಲ್ಲಮ್ಮ, ಪ್ರೋಗ್ರಾಂ ಬರೆದವರು ಹಾಗೆ ಬರೆದಿರ್ತಾರೆ. ಬಾಗಿಲಲ್ಲಿ ನಿಂತವರ ಮುಖ ಅದಕ್ಕೇನು ಕಾಣುತ್ತಾ?"

ನನಗೆ ಕಾಣುತ್ತಿತ್ತು. ಊರಿಗೆ ಮರಳುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಡ್ರೈವರನ ಹೆಂಡತಿಯ ಮುಖವೇ ಕಣ್ಣ ಮುಂದೆ ಇತ್ತು. ತಿಥಿ ಮುಗಿದ ಮೇಲೆ ಒಂದು ದಿನ ಅವಳು ಬೂತಿಗೆ ಬಂದಿದ್ದಳು. ಕೌಂಟರಿನಾಚೆಯಿಂದ ನನ್ನ ಎರಡೂ ಕೈ ಹಿಡಿದುಕೊಂಡಳು.

"ನೀ ಏಳಿದ್ಕೆ ಓಗಿ ಮಖನಾರ ನೋಡ್ದೆ ಕಣಮ್ಮಿ. ಇಲ್ದಿದ್ರೆ ಅಲ್ಲೇ ಮಣ್ ಮಾಡ್ಬುಡೋರು. ನಿನ್ ಒಟ್ಟೆ ತಣ್ಣಗಿರ್ಲಿ."

ಪುಸ್ತಕ ನನ್ನ ಮೊಣಕೈ ಕೆಳಗೇ ಇತ್ತು. ಫೋನ್ ಯಾವತ್ತು ಬಂದಿತ್ತು ಎಂದು ಅವಳು ಕೇಳಲಿಲ್ಲ. ನಾನು ಹೇಳಲಿಲ್ಲ.