ಗೂಡ್ಸ್ ಗಾಡಿ ಹೋದ ಮೇಲೆ ತೆಗೆದ ಫೋಟೊ

ಎಂಬತ್ತೊಂಬತ್ತರ ಮಾರ್ಚ್‌ನಲ್ಲಿ ನಾನು ಮುಂಬೈನ ವಡಾಲದ ಒಂದು ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದೆ. ಮುಲುಂಡ್‌ನಿಂದ ಬರುತ್ತಿದ್ದ ಧಾರವಾಡದ ಅಕ್ಕ ಒಬ್ಬರು ಅಲ್ಲಿ ದಡಾರದ ವೈರಸ್ ಮೇಲೆ ಪಿಎಚ್.ಡಿ. ಮಾಡುತ್ತಿದ್ದರು. ಅವರ ಪ್ರಬಂಧಕ್ಕೆ ಒಂದು ಫೋಟೊ ಬಾಕಿಯಿತ್ತು. ಅದಿಲ್ಲದೆ ಸಹಿ ಹಾಕುವುದಿಲ್ಲ ಎಂದು ಗೈಡ್ ಹೇಳಿದ್ದರು. ಸೋಂಕು ತಗುಲಿದ ಜೀವಕೋಶಗಳಿದ್ದ ಗಾಜಿನ ಸ್ಲೈಡು ಉಳಿದದ್ದು ಒಂದೇ.

ವೈರಸ್ ನಮ್ಮ ಸೂಕ್ಷ್ಮದರ್ಶಕಕ್ಕೆ ಸಿಗದಷ್ಟು ಸಣ್ಣದು. ಅದಕ್ಕೆ ಅಂಟುವ ಬಣ್ಣ ಹಾಕಿ, ಪಾದರಸದ ದೀಪದ ನೀಲಿ ಬೆಳಕು ಬಿಟ್ಟರೆ ಸೋಂಕು ತಗುಲಿದ ಜೀವಕೋಶ ಹಸಿರಾಗಿ ಹೊಳೆಯುತ್ತದೆ. ಆದರೆ ಆ ಬೆಳಕಿನಲ್ಲಿ ನೋಡಿದಷ್ಟೂ ಹಸಿರು ಮಾಸುತ್ತದೆ. ಹೊಳಪು ಮಂದವಾದ್ದರಿಂದ ಕ್ಯಾಮೆರಾದ ಶಟರ್ ಒಂದು ನಿಮಿಷ ತೆರೆದಿರಬೇಕು. ಅಷ್ಟರಲ್ಲಿ ಕಟ್ಟಡದ ಹಿಂದಿನ ಹಳಿಯಲ್ಲಿ ಲೋಕಲ್ ರೈಲು ಹೋದರೆ ಮೇಜು ನಡುಗಿ ಚಿತ್ರ ಕೆಡುತ್ತಿತ್ತು.

ವಾರವಿಡೀ ಗಾಡಿಗಳ ಹೊತ್ತು ಬರೆದುಕೊಂಡೆ. ಊಟದ ವೇಳೆಗೆ ಒಳ್ಳೆಯ ಬಿಡುವು ಕಂಡಿತು.

“ಈಗ ತೆಗೀರಿ ಅಕ್ಕ, ಯಾವ ಗಾಡೀನೂ ಇಲ್ಲ,” ಎಂದೆ.

ಅಕ್ಕ ಶಟರ್ ತೆರೆದರು. ಅರ್ಧ ನಿಮಿಷವೂ ಆಗಿರಲಿಲ್ಲ, ಬಂದರಿನ ಕಡೆಯಿಂದ ಗೂಡ್ಸ್ ಬಂತು. ಮೇಜಿನ ಮೇಲಿನ ಸೀಸೆಗಳು ಗಲಗಲ ಎಂದವು.

“ಇದನ್ಯಾಕ ಬರಕೊಂಡಿಲ್ಲ ನೀ?”

“ಅದಕ್ಕೆ ಟೈಮ್‌ಟೇಬಲ್ಲೇ ಇಲ್ಲ ಅಕ್ಕ.”

“ಹಂಗಾರ ನಾಳೆ ಡ್ರೈವರ್‌ಗೆ ಚಹಾ ಕುಡಿಸಿ ಕೇಳ್ಕೊಂಡು ಬಾ.”

ದೀಪದ ಬೆಳಕಿಗೆ ಅಡ್ಡತಡೆ ಹಾಕಿ, ವ್ಯಾಗನ್‌ಗಳು ಮುಗಿಯುವವರೆಗೆ ಕತ್ತಲಲ್ಲಿ ಕೂತೆವು. ಆಮೇಲೆ ನೋಡಿದರೆ ಆ ಜೀವಕೋಶ ಮಂಕಾಗಿತ್ತು. ಸ್ಲೈಡಿನ ಬೇರೆ ಜಾಗದಲ್ಲಿ ಹೊಳಪು ಹಾಗೇ ಇರುತ್ತದೆ ನಿಜ, ಆದರೆ ನೀಲಿ ಬೆಳಕಿನಲ್ಲಿ ಹುಡುಕುತ್ತ ಹೋದರೆ ಅದೂ ಮಾಸುತ್ತದೆ.

“ನೀಲಿ ಬ್ಯಾಡ,” ಎಂದರು ಅಕ್ಕ. ದಡಾರದ ವೈರಸ್ ಹೊಕ್ಕ ಜೀವಕೋಶಗಳು ಒಂದಕ್ಕೊಂದು ಸೇರಿ ದೊಡ್ಡದಾಗುತ್ತವೆ. ಅಂಥದ್ದೊಂದನ್ನು ಮಾಮೂಲಿ ಬೆಳಕಿನಲ್ಲೇ ಹುಡುಕಿ, ಅದರ ಅಂಚು ಸ್ಪಷ್ಟವಾಗುವಂತೆ ಹೊಂದಿಸಿದರು. ಮತ್ತೆ ಕಣ್ಣಿಟ್ಟು ನೋಡದೆ ನೀಲಿ ಬೆಳಕು ಬಿಟ್ಟು ಶಟರ್ ತೆರೆದರು. ನಾನು ಗಡಿಯಾರ ನೋಡುತ್ತ ಕೂತೆ. ಯಾವ ಗಾಡಿಯೂ ಬರಲಿಲ್ಲ.

ಎರಡು ದಿನಕ್ಕೆ ಫಿಲ್ಮ್ ತೊಳೆದು ಬಂತು. ಕಪ್ಪುಬಿಳುಪು ಪ್ರಿಂಟಿನ ನಡುವೆ ದೊಡ್ಡ ಜೀವಕೋಶ ಬೆಳ್ಳಗೆ, ಅಂಚು ಕದಡದೆ ಮೂಡಿತ್ತು. ಗೈಡ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣಿಗೂ ಇಷ್ಟೇ ಚೆನ್ನಾಗಿ ಕಾಣುತ್ತಿತ್ತೇ ಎಂದು ಕೇಳಿದರು. ಆ ಹೊಳಪನ್ನು ತಾನು ಕಣ್ಣಿನಿಂದ ನೋಡೇ ಇಲ್ಲ ಎಂದರು ಅಕ್ಕ.

ಗೈಡ್ ಫೋಟೊವನ್ನು ಮೇಜಿನ ಮೇಲಿಟ್ಟು, ಸಹಿ ಹಾಕಲು ಪೆನ್ನು ಕೇಳಿದರು. ಕೊಟ್ಟದ್ದು ನಾನು.